ಒರಸೋ ಅರಿವಿ ಎಲ್ಲಿರ್ತದ?

(ದಕ್ಷಿಣ ಗೋವಾದ ಕೋಲ್ವಾ ಕಡೆಯಿಂದ ಹಿರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮೂಲ ಧಾರವಾಡ, ಬ್ಯಾಂಕಿನ ನೌಕರಿ ಮುಂಬೈಯಲ್ಲಿ, ಸಂಸಾರ ಡೊಂಬಿವಲಿಯಲ್ಲಿ. ನಿವೃತ್ತಿಯ ದುಡ್ಡಿನಲ್ಲಿ ಸಮುದ್ರಕ್ಕೆ ಐದು ನಿಮಿಷದ ನಡಿಗೆಯಲ್ಲಿ ಫ್ಲ್ಯಾಟ್ ಕೊಂಡು ಮೂರು ವರ್ಷವಾಯಿತು. ದೀಪಾವಳಿಗೆ ಬಣ್ಣ ಹೊಡೆಸಿದ ಗ್ರಿಲ್ ಹೋಳಿ ಹುಣ್ಣಿಮೆಗೆ ಗುಳ್ಳೆ ಎದ್ದಿದೆ, ಎಸಿಯ ಗ್ಯಾಸ್ ಎರಡು ಸಲ ಹೋಗಿದೆ, ಮಳೆ ಬಂದರೆ ಕರೆಂಟು ಟ್ರಿಪ್ ಆಗುತ್ತದೆ, ಇಳಕಲ್ ಸೀರೆಗೆ ಬೂಷ್ಟು, ಕಡಕ್ ರೊಟ್ಟಿ ಮೆತ್ತಗೆ. ನಮ್ಮ ಪತ್ರಿಕೆಯ ಪಿನ್ನಿಗೂ ತುಕ್ಕು. ಪುಣೆಯಲ್ಲಿರುವ ಮಗ ಮಾರಿಬಿಡಿ ಅನ್ನುತ್ತಾನೆ. "ಮಾರಲೋ, ಇರಲೋ?" ಎಂದು ಕೇಳಿದ್ದಾರೆ. — ಸಂ.)

ನಮಸ್ಕಾರ ರಾಯರೇ.

ನಿಮ್ಮ ಪತ್ರ ಮಾಟುಂಗಾದ ನಮ್ಮ ಕಚೇರಿಗೆ ಬಂದಾಗ ಲಕೋಟೆ ಒಡೆಯುವ ಕೆಲಸವೇ ಇರಲಿಲ್ಲ, ಅಂಟು ತಾನಾಗಿ ಬಿಟ್ಟುಕೊಂಡಿತ್ತು. ಒಳಗಿದ್ದ ನಾಲ್ಕು ಪುಟಗಳಿಗೆ ಅದೇ ಮುನ್ನುಡಿ ಅಂದುಕೊಂಡು ಓದಿದೆ. ಎರಡು ಸಲ ಓದಿದೆ. ಎರಡನೆಯ ಸಲ ಯಾಕೆ ಓದಿದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ನಾನು ಕುಮಟೆಯವನು, ಉಪ್ಪುಗಾಳಿಯಲ್ಲೇ ಬೆಳೆದವನು. ನಿಮ್ಮ ಧಾರವಾಡದಲ್ಲಿ ಮಳೆಗಾಲ ಅಂದರೆ ಜಿಟಿಜಿಟಿ, ಕೊಡೆ, ಗಿರಮಿಟ್ಟು, ಮಿರ್ಚಿ. ಗೋವಾದ ಕಡಲತಡಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಹೆಚ್ಚುಕಮ್ಮಿ ಅಷ್ಟೂ ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಡೊಂಬಿವಲಿಯಲ್ಲಿ ನಾವು ಮಳೆ ಕಾಣಲಿಲ್ಲವೇ ಅಂತ ಕೇಳಿದ್ದೀರಿ. ಕಂಡಿದ್ದೀರಿ. ಆದರೆ ಡೊಂಬಿವಲಿಯ ನಿಮ್ಮ ಕಿಟಕಿಗೆ ಸಮುದ್ರದ ಗಾಳಿ ಬರುವಷ್ಟರಲ್ಲಿ ಅದು ಇಡೀ ಮುಂಬೈ ದಾಟಿ, ಖಾಡಿ ದಾಟಿ, ಹೊತ್ತ ಉಪ್ಪನ್ನೆಲ್ಲ ದಾರಿಯಲ್ಲೇ ಇಳಿಸಿರುತ್ತಿತ್ತು. ಈಗ ನೀವು ಅದು ಇಳಿಸುವ ಮೊದಲ ಸ್ಟಾಪಿನಲ್ಲೇ ಮನೆ ಮಾಡಿದ್ದೀರಿ.

ನಮ್ಮ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಉಪ್ಪಿನ ಮರಿಗೆ ಇತ್ತು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಕಲ್ಲುಪ್ಪು. ಮೇ ತಿಂಗಳಲ್ಲಿ ಕೈಹಾಕಿದರೆ ಗಲಗಲ ಅನ್ನುತ್ತಿದ್ದ ಉಪ್ಪು ಆಷಾಢ ಬಂದರೆ ಬೆವರುತ್ತಿತ್ತು. ಕೆಳಗೆ ಆಯಿ ಒಂದು ಕರಟ ಇಟ್ಟಿರುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಅದರಲ್ಲಿ ಅರ್ಧ ಕರಟ ಕಹಿನೀರು. ಛಾವಣಿ ಸೋರಿದ್ದಲ್ಲ, ಯಾರೂ ಸುರಿದದ್ದೂ ಅಲ್ಲ. ಗಾಳಿಯಲ್ಲಿನ ತೇವ ಶೇ. 75ರ ಆಸುಪಾಸು ದಾಟಿತೆಂದರೆ ಉಪ್ಪು ಗಾಳಿಯಿಂದಲೇ ನೀರೆಳೆದುಕೊಂಡು ಕರಗತೊಡಗುತ್ತದೆ. ನಿಮ್ಮ ಬಾಲ್ಕನಿಯ ಗ್ರಿಲ್ ಮೇಲೆ, ಎಸಿಯ ಹೊರಗಿನ ಡಬ್ಬದ ಮೇಲೆ, ಬಾಗಿಲ ಚಿಲಕದ ಮೇಲೆ ಕಣ್ಣಿಗೆ ಕಾಣದಂತೆ ಕೂತಿರುವುದು ಆ ಮರಿಗೆಯ ಉಪ್ಪೇ. ಮಳೆ ನಿಂತರೂ ಅದರ ಮಟ್ಟಿಗೆ ಕಬ್ಬಿಣ ಒದ್ದೆ.

ಬಣ್ಣದವನು ಮೋಸ ಮಾಡಿದ ಅಂತ ಬರೆದಿದ್ದೀರಿ. ಮೋಸ ಮಾಡಿದ್ದಾನೋ ಇಲ್ಲವೋ, ಅವಸರವಂತೂ ಮಾಡಿದ್ದಾನೆ. ಉಪ್ಪು ತೊಳೆಯದೆ ಮೇಲೆ ಬಣ್ಣ ಹಚ್ಚಿದರೆ ಉಪ್ಪನ್ನು ಒಳಗೆ ಹಾಕಿ ಬೀಗ ಜಡಿದಂತೆ. ಅದು ಒಳಗಿನಿಂದಲೇ ನೀರೆಳೆದು ಗುಳ್ಳೆ ಎಬ್ಬಿಸುತ್ತದೆ. ಮುಂದಿನ ಸಲ ತಂತಿ ಬ್ರಷ್‌ನಲ್ಲಿ ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಒಂದು ಬಿಸಿಲು ಪೂರ್ತಿ ಒಣಗಿಸಿ, ಆಮೇಲೆ ಪ್ರೈಮರು, ಆಮೇಲೆ ಎರಡು ಕೋಟು ಬಣ್ಣ. ದೀಪಾವಳಿಗಲ್ಲ, ಶಿವರಾತ್ರಿಗೂ ಯುಗಾದಿಗೂ ನಡುವೆ ಮಾಡಿಸಿ. ಪೂರಾ ಸ್ಟೀಲಿನದೇ ಗ್ರಿಲ್ ಹಾಕಿಸುತ್ತೇನೆ ಅಂದರೆ ನಿಮ್ಮ ಇಷ್ಟ, ಆದರೆ ಅಂಗಡಿಯವನು ಆಯಸ್ಕಾಂತ ಹಿಡಿದು 'ನೋಡಿ, ಅಂಟುವುದಿಲ್ಲ, ಅಸಲಿ' ಅಂದರೆ ನಂಬಬೇಡಿ. ಸಾಮಾನ್ಯ 304 ಸ್ಟೀಲೂ ಅಂಟುವುದಿಲ್ಲ, ಮಾಲಿಬ್ಡಿನಂ ಬೆರೆಸಿದ 316 ಕೂಡ ಅಂಟುವುದಿಲ್ಲ. ಕಡಲಿಗೆ ತಾಳುವುದು ಎರಡನೆಯದು. ಬಿಲ್ಲಿನಲ್ಲಿ ನಂಬರು ಬರೆಸಿಕೊಳ್ಳಿ. ಅದಕ್ಕೂ ಚಹಾ ಚೆಲ್ಲಿದಂಥ ಕಲೆ ಬರುತ್ತದೆ, ಒರೆಸದಿದ್ದರೆ.

ಎಸಿಯದ್ದೂ ಅದೇ ಕಥೆ. ತಾಮ್ರದ ಕೊಳವೆ, ಅದಕ್ಕೆ ಅಂಟಿಕೊಂಡ ಅಲ್ಯೂಮಿನಿಯಂ ರೆಕ್ಕೆಗಳು, ನಡುವೆ ಉಪ್ಪುನೀರು. ಎರಡು ಬೇರೆ ಲೋಹ, ಒಂದು ಉಪ್ಪುನೀರು ಸೇರಿದರೆ ಟಾರ್ಚಿನ ಸೆಲ್ಲಿನ ಒಳಗೆ ನಡೆಯುವುದೇ ಅಲ್ಲೂ ನಡೆಯುತ್ತದೆ. ಅಲ್ಯೂಮಿನಿಯಂ ಸವೆದು ಬಿಳಿ ಹಿಟ್ಟಾಗಿ ಉದುರುತ್ತದೆ. ಗ್ಯಾಸ್ ತುಂಬಿಸಿದ್ದಕ್ಕೆ ಎರಡು ಸಲ ದುಡ್ಡು ಕೊಟ್ಟಿರಿ. ಆ ದುಡ್ಡಿನಲ್ಲಿ ಹೊರಗಿನ ಡಬ್ಬವನ್ನು ಸಮುದ್ರದ ಕಡೆಯ ಗೋಡೆಯಿಂದ ಪಕ್ಕದ ಗೋಡೆಗೆ ಸರಿಸಬಹುದಿತ್ತು. ಇನ್ನಾದರೂ ಸರಿಸಿ. ತಿಂಗಳಿಗೊಮ್ಮೆ ಹುಡುಗನನ್ನು ಕರೆಸಿ, ಮೇನ್ ಆರಿಸಿ, ಸಿಹಿನೀರನ್ನು ಮೆಲ್ಲಗೆ ಬಿಟ್ಟು ತೊಳೆಸಿ. ಕಾರು ತೊಳೆಯುವ ಜೋರಿನ ಪೈಪು ಬೇಡ, ರೆಕ್ಕೆ ಮಡಚಿಕೊಳ್ಳುತ್ತವೆ. ನೀವಾಗಿ ಸ್ಟೂಲು ಹತ್ತಬೇಡಿ, ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ನನಗೆ ನಗು ಬರಲಿಲ್ಲ. ಮಳೆ ಬಂದಾಗಲೆಲ್ಲ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನಾಗಿ ಆರುವ ಮೇನ್ ಹತ್ತಿರದ ಸ್ವಿಚ್ಚು) ಬೀಳುತ್ತದೆ, ಇಲೆಕ್ಟ್ರೀಷಿಯನ್ ಹುಡುಗ 'ಅದನ್ನು ತಪ್ಪಿಸಿ ಡೈರೆಕ್ಟ್ ಮಾಡಿಕೊಡುತ್ತೇನೆ' ಅಂದಿದ್ದಾನೆ, ಮಾಡಿಸಲೇ ಅಂತ ಕೇಳಿದ್ದೀರಿ. ಬೇಡ. ಖಂಡಿತ ಬೇಡ. ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ ವ್ಯತ್ಯಾಸ ಬಂದರೆ, ಎಲ್ಲೋ ನೆಲಕ್ಕೆ ಇಳಿಯುತ್ತಿದೆ ಅಂತ ತಿಳಿದು ಅದು ಬೀಳುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪಿಗೆ ಬೀಳುವಂಥದ್ದು. ಒದ್ದೆ ಕಾಲಲ್ಲಿ ನಿಂತು ಗೀಸರಿನ ಸ್ವಿಚ್ಚಿಗೆ ಕೈಹಾಕುವ ಮನುಷ್ಯನಿಗೂ ಸಾವಿಗೂ ನಡುವೆ ಇರುವ ಸಾಮಾನು ಅದೊಂದೇ. ಮುಂದಿನ ಸಲ ಬಿದ್ದಾಗ ಒಳಗಿನ ಎಲ್ಲ ಎಂಸಿಬಿಗಳನ್ನು, ಅಂದರೆ ಒಂದೊಂದು ಲೈನಿಗೆ ಒಂದರಂತೆ ಇರುವ ಪುಟ್ಟ ಸ್ವಿಚ್ಚುಗಳನ್ನು, ಇಳಿಸಿ, ಇಎಲ್‌ಸಿಬಿ ಎತ್ತಿ, ಆಮೇಲೆ ಒಂದೊಂದಾಗಿ ಎಂಸಿಬಿ ಎತ್ತುತ್ತ ಬನ್ನಿ. ಯಾವುದನ್ನು ಎತ್ತಿದಾಗ ಮತ್ತೆ ಬೀಳುತ್ತದೋ ತಪ್ಪು ಆ ಲೈನಿನಲ್ಲಿದೆ. ಬಾಲ್ಕನಿಯ ಪ್ಲಗ್ಗು, ಬಾಗಿಲ ಹೊರಗಿನ ಬೆಲ್ಲು, ಗೀಸರು, ಈ ಮೂರರ ಮೇಲೆ ನನ್ನ ಅನುಮಾನ. ಆ ಹುಡುಗನನ್ನು ಬಿಟ್ಟು ಲೈಸೆನ್ಸ್ ಇರುವವನನ್ನು ಕರೆಸಿ, ಅರ್ಥಿಂಗನ್ನೂ ನೋಡಿಸಿ.

ಸಜ್ಜದ ಕೆಳಗೆ ಬಿರುಕು, ಬಿರುಕಿನ ಅಂಚಿಗೆ ಕಂದು ಕಲೆ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಒಳಗಿನ ಸಲಾಕೆ ತುಕ್ಕು ಹಿಡಿದರೆ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಮೇಲೆ ಸಿಮೆಂಟು ಮೆತ್ತಿಸಬೇಡಿ. ಸೊಸೈಟಿಗೆ ಲಿಖಿತ ಅರ್ಜಿ ಕೊಟ್ಟು ಇಂಜಿನಿಯರನ್ನು ಕರೆಸಿ.

ಇನ್ನು ಬೂಷ್ಟು. ಕಪಾಟಿಗೆ ಡಾಂಬರು ಗುಳಿಗೆ ಸುರಿದಿದ್ದೀರಂತೆ. ಅದು ನುಸಿಗೆ, ಬೂಷ್ಟಿಗಲ್ಲ. ಈ ತಪ್ಪನ್ನು ನಾನೂ ಮಾಡಿದವನೇ. ಆಯಿಯ ಮದುವೆ ಸೀರೆಯನ್ನು ಬಹಳ ಜೋಪಾನ ಮಾಡುವವನಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನಾಲ್ಕು ಗುಳಿಗೆ ಹಾಕಿ, ಎರಡು ಮಳೆಗಾಲ ಬಿಟ್ಟು ತೆರೆದೆ. ಜರಿ ಕಪ್ಪಗೆ, ಮಡಿಕೆಯ ಉದ್ದಕ್ಕೂ ಚಹಾಪುಡಿ ಚೆಲ್ಲಿದಂಥ ಚುಕ್ಕೆ. ಇವತ್ತಿಗೂ ಅಕ್ಕ ಆ ಸೀರೆಯ ಮಾತು ತೆಗೆದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಹಳೆಯ ಧೋತರದಲ್ಲಿ ಸುತ್ತಿಡಿ, ಮಳೆ ಬಿಡುವು ಕೊಟ್ಟಾಗ ಹರಡಿ, ಮಡಿಕೆ ಬದಲಿಸಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ, ಹಿಂದೆ ಗಾಳಿ ಆಡಲಿ. ಒಳಗೆ ಬಲ್ಬು ಉರಿಸುವ ಹಳೆಯ ಉಪಾಯ ಈಗಿನ ಎಲ್‌ಇಡಿಯಿಂದ ಆಗುವುದಿಲ್ಲ, ಅದಕ್ಕೆ ಅಷ್ಟು ಬಿಸಿಯೇ ಇಲ್ಲ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿ ಇಡಬಹುದು. ತುಂಬಿದ ನೀರನ್ನು ಹುಷಾರಾಗಿ ಚೆಲ್ಲಿ, ಅದು ಕಬ್ಬಿಣಕ್ಕೆ ಕಡಲಿಗಿಂತ ಕೆಟ್ಟದ್ದು. ದುಡ್ಡು ಖರ್ಚು ಮಾಡಲೇಬೇಕು ಅನಿಸಿದರೆ ಒಂದು ಡಿಹ್ಯೂಮಿಡಿಫೈಯರ್ ಕೊಳ್ಳಿ, ಮಲಗುವ ಕೋಣೆಯ ಬಾಗಿಲು ಕಿಟಕಿ ಹಾಕಿ ಓಡಿಸಿ. ಬೆಳಗ್ಗೆ ಅದರ ಹೊಟ್ಟೆಯಿಂದ ಹೊರಬರುವ ನೀರು ನೋಡಿದರೆ ಇಷ್ಟು ದಿನ ಏನನ್ನು ಉಸಿರಾಡುತ್ತಿದ್ದಿರಿ ಎಂದು ತಿಳಿಯುತ್ತದೆ.

ರೊಟ್ಟಿಯ ಬಗ್ಗೆ ನನ್ನದು ಸೋತವನ ಮಾತು. ಕಡಕ್ ರೊಟ್ಟಿಗೆ ಕಡಲತಡಿ ಒಗ್ಗುವುದಿಲ್ಲ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟು, ತಿನ್ನುವ ಮುಂಚೆ ಹಂಚಿನ ಮೇಲೆ ಒಂದು ಸುತ್ತು ಬಿಸಿಮಾಡಿ. ಊರಿಂದ ಇಪ್ಪತ್ತು ಕಿಲೋ ಜೋಳದ ಹಿಟ್ಟು ತರುವುದು ಬಿಡಿ. ಎರಡೆರಡು ಕಿಲೋ ಬೀಸಿಸಿ ಫ್ರಿಜ್ಜಿನಲ್ಲಿಡಿ. ಇನ್ನೊಂದು. ಬೆಳಗ್ಗೆ ಸೈಕಲ್ಲಿನ ಹಾರ್ನ್ ಒತ್ತುತ್ತ ಬಂದು ನಿಮ್ಮ ನಿದ್ದೆ ಕೆಡಿಸುವ ಪೊದೇರನ (ಬ್ರೆಡ್ಡಿನವನ) ಬಗ್ಗೆ ದೂರಿದ್ದೀರಿ. ಇಳಿದು ಹೋಗಿ ಅವನ ಹತ್ತಿರ ಬಿಸಿ ಪೊಯಿ ತೆಗೆದುಕೊಳ್ಳಿ, ತೌಡಿನ ಘಮದ ಆ ಪೊಳ್ಳು ಬ್ರೆಡ್ಡನ್ನು ಎರಡು ಹೋಳು ಮಾಡಿ ಎಣ್ಣೆಗಾಯಿ ತುಂಬಿ ತಿನ್ನಿ. ಧಾರವಾಡದ ದೇವರುಗಳು ಕ್ಷಮಿಸುತ್ತಾರೆ.

ನವೆಂಬರಿನ ಜೀವನ ಪ್ರಮಾಣಪತ್ರಕ್ಕೆ ಬೆರಳಚ್ಚು ಹತ್ತುವುದಿಲ್ಲ ಅಂದಿರಿ. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಆಗುತ್ತದೆ; ಮಗನಿಗೆ ಮನೆ ಮಾರುವ ಯೋಚನೆ ಬಿಟ್ಟು ಇದನ್ನು ಮಾಡಿಕೊಡಲು ಹೇಳಿ.

ನಿಮ್ಮ ಸುತ್ತಲಿನ ಹಳೆಯ ಗೋವಾ ಮನೆಗಳನ್ನು ಒಮ್ಮೆ ನೋಡಿ ಬನ್ನಿ. ಜಂಬಿಟ್ಟಿಗೆ ಗೋಡೆ, ಸುಣ್ಣದ ಗಾರೆ, ಮರದ ಕಿಟಕಿಯಲ್ಲಿ ಗಾಜಿನ ಬದಲು ಬೆಳಕು ಬಿಡುವ ತೆಳು ಚಿಪ್ಪು, ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಸುಡತೊಡಗಿದ ಹೆಂಚು ಅದು. ತುಕ್ಕು ಹಿಡಿಯುವ ಸಾಮಾನು ಅಲ್ಲಿ ಎಷ್ಟು ಕಮ್ಮಿ ಅಂತ ಎಣಿಸಿ. ಹಾಗೆಂದು ಆ ಮನೆಗಳು ತಾವಾಗಿ ನಿಂತಿಲ್ಲ. ಮಳೆ ಕಳೆದ ಮೇಲೆ ಮತ್ತೆ ಸುಣ್ಣ, ಒಡೆದ ಹೆಂಚಿಗೆ ಬದಲಿ, ವರ್ಷ ವರ್ಷವೂ. ನೀವು ಒಂದು ಸಲ ಖರ್ಚು ಮಾಡಿ ಕೈತೊಳೆದುಕೊಳ್ಳುವ ಉಪಾಯ ಕೇಳಿದ್ದೀರಿ. ಕಡಲಿನ ಪಕ್ಕದಲ್ಲಿ ಅಂಥದ್ದು ಮಾರುವುದಿಲ್ಲ. ಅಲ್ಲಿ ನಡೆಯುವುದು ಒಂದು ಬಕೆಟ್ ಸಿಹಿನೀರು, ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ. ವಾರಕ್ಕೊಮ್ಮೆ ಗ್ರಿಲ್, ಚಿಲಕ, ಕೀಲು, ಗ್ಯಾಸ್ ಒಲೆಯ ಅಡಿ. ಕೀಲಿಗೆ ಎರಡು ತೊಟ್ಟು ಎಣ್ಣೆ.

ಈಗ ಎರಡನೆಯ ಸಲ ಯಾಕೆ ಓದಿದೆ ಅನ್ನುವುದಕ್ಕೆ ಬರುತ್ತೇನೆ. ಸಂಪಾದಕನ ಹಾಳು ಚಾಳಿ, ಕೈಯಲ್ಲಿ ಕೆಂಪು ಪೆನ್ನಿತ್ತು. ಕೊಂಡದ್ದು, ಹಾಕಿಸಿದ್ದು, ಜಗಳ ಮಾಡಿ ದುಡ್ಡು ವಾಪಸು ತೆಗೆದುಕೊಂಡದ್ದು ಬರೆಯುವಾಗ ನಿಮ್ಮ ಪತ್ರದಲ್ಲಿ 'ನಾನು', 'ನಾವು'. ಒರೆಸಿದ್ದು, ಒಣಹಾಕಿದ್ದು, ಮಳೆ ಹನಿಯಿತೆಂದು ಓಡಿ ತೆಗೆದದ್ದು ಬರೆಯುವಾಗ 'ನಮ್ಮಾಕೆ'. ನಾಲ್ಕು ಪುಟದಲ್ಲಿ ಒಮ್ಮೆಯೂ ಇದು ಅದಲುಬದಲಾಗಿಲ್ಲ. ನಾಲ್ಕನೆಯ ಪುಟದ ಅಡಿಗೆ, ನಿಮ್ಮ ಸಹಿಯ ಕೆಳಗೆ, ಬೇರೆ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ ಒಂದು ಸಾಲಿತ್ತು. ಲಕೋಟೆ ಅಂಟಿಸುವ ಮುಂಚೆ ನೀವು ನೋಡಿರಲಿಕ್ಕಿಲ್ಲ: "ಒರಸೋ ಅರಿವಿ ಎಲ್ಲಿರ್ತದಂತ ಅವರನ್ನ ಒಂದ್ ಮಾತು ಕೇಳ್ರಿ."

ಕೇಳುತ್ತಿದ್ದೇನೆ ರಾಯರೇ. ಎಲ್ಲಿರುತ್ತದೆ?

ಮಾರುವ ವಿಚಾರವನ್ನು ಅದು ಗೊತ್ತಾದ ಮೇಲೆ ಮಾಡೋಣ. ವೈನಿಯವರಿಗೆ (ನಮ್ಮ ಕಡೆ ಅತ್ತಿಗೆ ಅನ್ನುತ್ತೇವೆ, ನಿಮ್ಮ ಧಾರವಾಡದ ಮಾತೇ ಇರಲಿ) ಆ ಮನೆ ಬೇಡವಾಗಿದ್ದರೆ ಮಾರಿ, ನಾನು ಅಡ್ಡ ಬರುವುದಿಲ್ಲ. ಆದರೆ ಅವರಿಗೆ ಬೇಸರ ಬಂದಿರುವುದು ಸಮುದ್ರದ ಮೇಲೋ, ಮೂರು ವರ್ಷದಿಂದ ಒಬ್ಬರೇ ಒರೆಸುತ್ತಿರುವುದರ ಮೇಲೋ ಎಂದು ನಿಮಗೇ ಗೊತ್ತಿಲ್ಲ, ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಒಂದು ಮಳೆಗಾಲ ಬಕೆಟ್ಟು ನೀವು ಹಿಡಿಯಿರಿ. ಮಳೆಗಾಲದ ಮಟ್ಟಿಗೆ ಪುಣೆಗೆ ಹೋಗಿರುತ್ತೇವೆ ಅಂದುಕೊಂಡಿದ್ದರೆ ಬೀಗ ಹಾಕಿದ ಮನೆಯಲ್ಲಿ ಬೂಷ್ಟಿಗೆ ಹೇಳುವವರು ಕೇಳುವವರು ಇರುವುದಿಲ್ಲ ಎಂಬುದು ನೆನಪಿರಲಿ.

ಕೊನೆಯದು ನಮ್ಮ ತಪ್ಪು. ಪತ್ರಿಕೆಯ ಪಿನ್ನು ತುಕ್ಕು ಹಿಡಿದು ನಡುಪುಟ ಕೆಂಪಾಗುತ್ತದೆ ಅಂದಿರಿ, ನಿಜ. ಪ್ರೆಸ್ಸಿನವರಿಗೆ ಸತುವಿನ ಲೇಪದ ತಂತಿ ಹಾಕಲು ಹೇಳಿದ್ದೇನೆ, ಹಾಕುತ್ತಾರೋ ನೋಡಬೇಕು. ಅಲ್ಲಿಯವರೆಗೆ ಸಂಚಿಕೆ ಬಂದ ದಿನವೇ ಎರಡೂ ಪಿನ್ನು ಕಿತ್ತು, ಅದೇ ತೂತಿನಲ್ಲಿ ಹಳೆಯ ಲೆಕ್ಕದ ಕಿರ್ದಿ ಹೊಲಿಯುವಂತೆ ದಾರ ಹಾಕಿ ಹೊಲಿದುಬಿಡಿ. ಸೂಜಿ-ದಾರ ಎಲ್ಲಿದೆ ಎಂದು ವೈನಿಯವರನ್ನು ಕೇಳಬೇಡಿ, ಹುಡುಕಿಕೊಳ್ಳಿ.

— ಸಂಪಾದಕ