ಓಟಿ ಪತ್ರಕ್ಕೆ ಸಹಿ ಹಾಕಲೇ, ಬೇಡವೇ?

ಪ್ರಶ್ನೆ: ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್. ವಾರಕ್ಕೆ ಆರು ದಿನ, ಎಂಟು ಗಂಟೆಯ ಶಿಫ್ಟ್. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,200 ರೂಪಾಯಿ. ಇನ್ನು ಮುಂದೆ ದಿನವೂ ಎರಡು ಗಂಟೆ ಹೆಚ್ಚು ದುಡಿಯಲು ‘ಸ್ವ ಇಚ್ಛೆಯಿಂದ ಒಪ್ಪಿದ್ದೇನೆ’ ಎಂಬ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಮಾಮೂಲಿ ದರದಲ್ಲೇ ಕವರಿನಲ್ಲಿ ನಗದು ಕೊಡುತ್ತಾರಂತೆ, ಹಾಜರಿ ಯಂತ್ರದಲ್ಲಿ ಹೊರಹೋಗುವ ಪಂಚ್ ಮಾತ್ರ ಐದೂವರೆಗೇ ಮಾಡಬೇಕಂತೆ. ಮಗಳ ಪಿಯು ಫೀಸಿಗೆ ದುಡ್ಡು ಬೇಕು, ಆದರೆ ಬೆನ್ನುನೋವಿದೆ. ಬೇಡವೆಂದರೆ ಕೆಲಸ ಹೋದೀತೆಂಬ ಭಯ.

ಉತ್ತರ: ಮಗಳ ಓದಿಗಾಗಿ ಹೆಚ್ಚು ದುಡಿಯಬೇಕೆನ್ನುವ ನಿಮ್ಮ ಮನಸ್ಸು ದೊಡ್ಡದು. ಆದರೆ ಆ ಪತ್ರಕ್ಕೆ, ಅದು ಈಗಿರುವ ಹಾಗೆಯೇ, ದಯವಿಟ್ಟು ಸಹಿ ಹಾಕಬೇಡಿ.

1948ರ ಕಾರ್ಖಾನೆಗಳ ಕಾಯ್ದೆಯ ಕಾಲದಿಂದಲೂ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ಕೊಡಬೇಕೆಂಬುದು ನಿಯಮ. 2023ರಲ್ಲಿ ಕರ್ನಾಟಕವು ದಿನದ ಅವಧಿಯನ್ನು 12 ಗಂಟೆಯವರೆಗೆ ಹಿಗ್ಗಿಸಲು ಅವಕಾಶ ಕೊಟ್ಟಾಗಲೂ ವಾರದ 48 ಗಂಟೆಯ ಮಿತಿಯನ್ನು ಸಡಿಲಿಸಲಿಲ್ಲ, ಕಾರ್ಮಿಕರ ಲಿಖಿತ ಒಪ್ಪಿಗೆಯನ್ನು ಕಡ್ಡಾಯ ಮಾಡಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಯೂ ಒಪ್ಪಿಗೆಯನ್ನೂ ದುಪ್ಪಟ್ಟು ದರವನ್ನೂ ಉಳಿಸಿಕೊಂಡಿದೆ. ಆದ್ದರಿಂದ ‘ಕಾನೂನು ಬದಲಾಗಿದೆ, ದುಪ್ಪಟ್ಟು ಕೊಡಬೇಕಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ನಿಮ್ಮದೇ ಲೆಕ್ಕ ನೋಡೋಣ. 26 ದಿನಕ್ಕೆ ಹಂಚಿದರೆ ನಿಮ್ಮ ದಿನಗೂಲಿ 700 ರೂಪಾಯಿ, ಗಂಟೆಗೆ 87.50, ಓಟಿ (ಹೆಚ್ಚುವರಿ ದುಡಿಮೆ) ದರ 175. ಅವರು ಹೇಳುವಂತೆ ತಿಂಗಳಿಗೆ 52 ಗಂಟೆ ದುಡಿದರೆ ಸಿಗುವುದು 4,550 ರೂಪಾಯಿ, ನ್ಯಾಯವಾದ ದರದಲ್ಲಿ ಅಷ್ಟೇ ಹಣ 26 ಗಂಟೆಗೇ ಬರುತ್ತದೆ. ಅಂದರೆ ಫೀಸಿಗೆ ಬೇಕಾದ ದುಡ್ಡನ್ನು ವಾರದಲ್ಲಿ ಮೂರು ದಿನ ಮಾತ್ರ ನಿಂತು ಗಳಿಸಿ, ಉಳಿದ ದಿನ ಬೆನ್ನಿಗೆ ವಿಶ್ರಾಂತಿ ಕೊಡಬಹುದು. ದಿನವೂ ಎರಡು ಗಂಟೆಯೆಂದರೆ ಮೂರು ತಿಂಗಳಿಗೆ 156 ಗಂಟೆಯಾಗುತ್ತದೆ. 2023ರ ತಿದ್ದುಪಡಿ ಮೂರು ತಿಂಗಳ ಓಟಿಗೆ ಇಟ್ಟ 144 ಗಂಟೆಯ ಮಿತಿಯನ್ನೇ ಅದು ದಾಟುತ್ತದೆ.

ದರಕ್ಕಿಂತಲೂ ನನಗೆ ಹೆಚ್ಚು ಆತಂಕ ತಂದದ್ದು ಆ ಐದೂವರೆಯ ಪಂಚ್. ಏಳು ಗಂಟೆಗೆ ಲೇತ್‌ನ ತಿರುಗುವ ಚಕ್‌ಗೆ ಕೈ ಸಿಕ್ಕಿ ಗಾಯವಾದರೆ, ದಾಖಲೆಯ ಪ್ರಕಾರ ನೀವು ಆಗಲೇ ಮನೆಗೆ ಹೋಗಿರುತ್ತೀರಿ. ಅದು ಕೆಲಸದ ವೇಳೆಯ ಅಪಘಾತವೆಂದು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮಾ ನಿಗಮ) ಮುಂದೆ ಸಾಬೀತುಪಡಿಸುವ ಹೊಣೆ ನಿಮ್ಮ ತಲೆಯ ಮೇಲೆ ಬೀಳುತ್ತದೆ.

ಭಯ ಸಹಜವೇ, ಆದ್ದರಿಂದ ಒಬ್ಬರೇ ಹೋಗಬೇಡಿ. ಇದೇ ಕಷ್ಟದಲ್ಲಿರುವ ಇಬ್ಬರು ಮೂವರು ಸಹೋದ್ಯೋಗಿಗಳೊಂದಿಗೆ ಎಚ್‌ಆರ್ ವಿಭಾಗಕ್ಕೆ ಹೋಗಿ, ವಾರಕ್ಕೆ ಮೂರು ದಿನ, ದುಪ್ಪಟ್ಟು ದರದಲ್ಲಿ, ಪಂಚ್ ಮತ್ತು ಪೇ ಸ್ಲಿಪ್‌ನಲ್ಲಿ ದಾಖಲಾಗುವ ಓಟಿಗೆ ಸಿದ್ಧರಿದ್ದೇವೆಂದು ಬರೆದುಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ. ಒಪ್ಪದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ದೂರು ಕೊಡಬಹುದು. ಬೆನ್ನುನೋವನ್ನು ಈ ವಾರವೇ ಇಎಸ್‌ಐ ವೈದ್ಯರಿಗೆ ತೋರಿಸಿ. ಹೆಚ್ಚು ಹೊತ್ತು ನಿಲ್ಲಬಾರದೆಂದು ಅವರು ಬರೆದುಕೊಟ್ಟರೆ ಆ ಚೀಟಿಯ ನಕಲನ್ನೂ ಪತ್ರಕ್ಕೆ ಲಗತ್ತಿಸಿ.