ತಟ್ಟೆಯ ಪಾಠವೋ, ಪುಸ್ತಕದ ಪಾಠವೋ?

ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದ ದಾಸರ ಪದವೊಂದರಲ್ಲಿ ಎರಡೇ ಚರಣಗಳಿವೆ, ಮುದ್ರಿತ ಪುಸ್ತಕದಲ್ಲಿ ಐದಿವೆ. ಜೊತೆಗೆ ಒಂದು ಸಾಲಿನ ಶಬ್ದವೂ ಬೇರೆಯಾಗಿ ಕೇಳಿಸುತ್ತದೆ. ಇವೆರಡರಲ್ಲಿ ಯಾವ ಪಾಠವನ್ನು, ಅಂದರೆ ಪದದ ಯಾವ ರೂಪವನ್ನು, ನಂಬಬೇಕು ಎಂದು ಕೇಳಿದ್ದೀರಿ. ಚರಣಗಳ ವಿಷಯ ಸುಲಭವಾದದ್ದು. ನಿಮಿಷಕ್ಕೆ 78 ಸುತ್ತು ತಿರುಗುವ (78 ಆರ್‌ಪಿಎಂ) ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ಆದ್ದರಿಂದ ಹಾಡುಗಾರರು ಪಲ್ಲವಿ, ಒಂದೋ ಎರಡೋ ಚರಣ ಹಾಗೂ ದಾಸರ ಅಂಕಿತ (ಕಾವ್ಯನಾಮ) ಇರುವ ಕೊನೆಯ ಚರಣವನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಡುವುದು ಸಾಮಾನ್ಯವಾಗಿತ್ತು. ಬಿಟ್ಟ ಚರಣಗಳು ಪ್ರಕ್ಷಿಪ್ತ, ಅಂದರೆ ಬೇರೆಯವರು ಆಮೇಲೆ ಸೇರಿಸಿದವು ಎಂದು ಇದರಿಂದ ತೀರ್ಮಾನಿಸುವಂತಿಲ್ಲ.

ಶಬ್ದದ ವಿಷಯ ಅಷ್ಟು ಸುಲಭವಲ್ಲ, ಏಕೆಂದರೆ ಕಿವಿಯ ಸಾಕ್ಷ್ಯವನ್ನೇ ಮೊದಲು ಅನುಮಾನಿಸಬೇಕಾಗುತ್ತದೆ. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬರುವವರೆಗೆ ಹಾಡುಗಾರರು ದೊಡ್ಡ ಕಹಳೆಯೊಂದರ ಬಾಯಿಗೆ ಮುಖವೊಡ್ಡಿ ಹಾಡಬೇಕಿತ್ತು. ಆ ದನಿಯ ಒತ್ತಡವೇ ನೇರವಾಗಿ ಮುಳ್ಳನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಈ ವಿಧಾನದಲ್ಲಿ ಸುಮಾರು 2500 ಹರ್ಟ್ಸ್‌ಗಿಂತ ಮೇಲಿನ ಸ್ವರಾಂಶಗಳು ಹೆಚ್ಚಾಗಿ ದಾಖಲಾಗುತ್ತಲೇ ಇರಲಿಲ್ಲ. ಸಕಾರದ ಸುಯ್ಯೆನ್ನುವ ಗುಣವೆಲ್ಲ ಇರುವುದು ಅದಕ್ಕಿಂತ ಬಹಳ ಮೇಲೆ, 4000 ಹರ್ಟ್ಸ್‌ನ ಆಚೆಗೆ. ಹೀಗಾಗಿ ಅಂಥ ತಟ್ಟೆಗಳಲ್ಲಿ ಸ್ವರಾಕ್ಷರಗಳು ತುಂಬಿಕೊಂಡು ಕೇಳಿಸುತ್ತವೆ, ಸ ಮತ್ತು ಶಗಳು ಮಾತ್ರ ಕೇವಲ ಉಸಿರಾಗಿ ಉಳಿದು, ಹಕಾರದಂತೆ ಭ್ರಮೆ ಹುಟ್ಟಿಸುತ್ತವೆ. ನಾನೇ ಒಮ್ಮೆ ‘ಸಾಲು ಸಾಲಾಗಿ’ ಎಂಬುದನ್ನು ‘ಹಾಲು ಹಾಲಾಗಿ’ ಎಂದು ಬರೆದುಕೊಂಡಿದ್ದೆ. ಅಷ್ಟಕ್ಕೇ ನಿಲ್ಲದೆ, ಭಕ್ತರ ಮನಸ್ಸು ಹಾಲಿನಂತೆ ಶುದ್ಧವೆಂಬ ವ್ಯಾಖ್ಯಾನವನ್ನೂ ಪಕ್ಕದಲ್ಲಿ ಗೀಚಿದ್ದೆ.

ವೇಗವನ್ನೂ ಗಮನಿಸಿ. 78 ಎಂಬುದು ಮೊದಲಿನಿಂದಲೂ ಕಟ್ಟುನಿಟ್ಟಾಗಿದ್ದ ಅಳತೆಯಲ್ಲ. ನಿಮಿಷಕ್ಕೆ 72 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ ಅರ್ಧ ಸ್ವರಕ್ಕಿಂತ ತುಸು ಹೆಚ್ಚೇ ಏರುತ್ತದೆ, ವ್ಯಂಜನಗಳೂ ಒಂದರ ಮೇಲೊಂದು ಬಿದ್ದಂತಾಗುತ್ತವೆ. ನಿಮ್ಮ ಬಳಿ ಇರುವುದು ಗಣಕಕ್ಕೆ ಇಳಿಸಿದ ಪ್ರತಿಯಾದರೆ, ಆಡಾಸಿಟಿಯಂಥ ತಂತ್ರಾಂಶದಲ್ಲಿ ವೇಗವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸಿ ಕೇಳಿ ನೋಡಿ. ತಟ್ಟೆಯ ಮೇಲಿನ ಚೀಟಿಯಲ್ಲಿ ಅಚ್ಚಾದ ಹಾಡಿನ ಹೆಸರನ್ನು ಮಾತ್ರ ಪ್ರಮಾಣವೆಂದು ಹಿಡಿಯಬೇಡಿ. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆಗುವ ಮುನ್ನ ಗ್ರಾಮಫೋನ್ ಕಂಪನಿ ಇಲ್ಲಿ ಮುದ್ರಿಸಿಕೊಂಡ ಹಾಡುಗಳ ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಿ ಬರುತ್ತಿದ್ದವು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಗಾಯಕಿ ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುವುದಕ್ಕೆ ಹ್ಯಾನೋವರಿನ ಕೆಲಸಗಾರರಿಗೆ ಗುರುತು ಸಿಗಲೆಂಬುದೇ ಕಾರಣವೆಂದು ಹೇಳುತ್ತಾರೆ. ನಮ್ಮ ಭಾಷೆಗಳ ಗಂಧವಿಲ್ಲದವರ ಕೈಯಲ್ಲಿ ಹಾಡಿನ ಮೊದಲ ಸಾಲು ಏನೇನಾಗಿರಬಹುದೆಂದು ನೀವೇ ಊಹಿಸಿಕೊಳ್ಳಿ.

ಇನ್ನು ಕಿವಿಗೆ ನೆರವಾಗಬಲ್ಲ ಒಂದು ಸಾಧನ ಪದದೊಳಗೇ ಇದೆ, ಅದು ಆದಿಪ್ರಾಸ. ದಾಸರ ಪದಗಳಲ್ಲಿ ಒಂದು ಚರಣದ ಸಾಲುಗಳ ಎರಡನೆಯ ಅಕ್ಷರ ಸಾಮಾನ್ಯವಾಗಿ ಒಂದೇ ವ್ಯಂಜನದ್ದಾಗಿರುತ್ತದೆ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಲ್ಲರಿಗೂ ಬಾಯಿಪಾಠವಾದ್ದರಿಂದ ಅದನ್ನೇ ತೆಗೆದುಕೊಳ್ಳೋಣ: ‘ಹೆಜ್ಜೆಯ ಮೇಲೆ’, ‘ಗೆಜ್ಜೆಯ’, ‘ಸಜ್ಜನ ಸಾಧು’, ‘ಮಜ್ಜಿಗೆಯೊಳಗಿನ’ ಎಂದು ನಾಲ್ಕು ಸಾಲುಗಳಲ್ಲೂ ‘ಜ್ಜ’ ಬರುತ್ತದೆ. ಯಾವುದೋ ತಟ್ಟೆಯಲ್ಲಿ ಮೂರನೆಯ ಸಾಲು ಸವೆದುಹೋಗಿ ‘ಸಾಧು ಸಜ್ಜನರ’ ಎಂದು ಯಾರಿಗಾದರೂ ಕೇಳಿಸಿದರೆ, ಅರ್ಥಕ್ಕೆ ಕುಂದಿಲ್ಲದಿದ್ದರೂ ಪ್ರಾಸ ಅದನ್ನು ಒಪ್ಪುವುದಿಲ್ಲ. ಮುಂದೆ ಅಂಕಿತದ ಚರಣದಲ್ಲೂ ‘ಸಕ್ಕರೆ’, ‘ಶುಕ್ರವಾರದ’, ‘ಅಕ್ಕರೆಯುಳ್ಳ’, ‘ಚೊಕ್ಕ’ ಎಂದು ಕಕಾರವೇ ಕೈಹಿಡಿದು ನಡೆಸುತ್ತದೆ.

ಆದರೆ ಈ ಸಾಧನ ಸಾಲಿನ ಮೊದಲ ಶಬ್ದದ ಆಚೆಗೆ ಕೆಲಸ ಮಾಡುವುದಿಲ್ಲ. ಅದೇ ಪದದಲ್ಲಿ ಗೆಜ್ಜೆಯ ‘ಧ್ವನಿ’ ಎಂದು ಹಾಡುವವರೂ ಇದ್ದಾರೆ, ‘ನಾದ’ ಎಂದು ಹಾಡುವವರೂ ಇದ್ದಾರೆ. ಪ್ರಾಸಕ್ಕೆ ಎರಡೂ ಒಂದೇ. ಇಂಥ ಕಡೆ ಒಂದು ಪಾಠವನ್ನು ತಪ್ಪೆಂದು ತಳ್ಳಿಹಾಕುವ ಅವಸರ ನನಗೆ ಸರಿಕಾಣುವುದಿಲ್ಲ. ದಾಸರ ಪದಗಳು ಬಾಯಿಂದ ಬಾಯಿಗೆ ಮತ್ತು ಹಸ್ತಪ್ರತಿಗಳಲ್ಲಿ ಶತಮಾನಗಳ ಕಾಲ ಉಳಿದು ಬಂದವು. ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಅವರಂಥವರು ಅವುಗಳನ್ನು ಅಚ್ಚಿಗೆ ತಂದದ್ದು 19ನೆಯ ಶತಮಾನದಲ್ಲಿ. ನಿಮ್ಮ ಪುಸ್ತಕದ ಪಾಠವೂ ಯಾರೋ ಒಬ್ಬರು ಯಾರಿಂದಲೋ ಕೇಳಿ ಬರೆದುಕೊಂಡದ್ದೇ ಆಗಿರಬಹುದು.

ಹಾಡಿದವರು ಯಾರೆಂಬುದೂ ಮುಖ್ಯ. ಕನ್ನಡ ಮನೆಮಾತಲ್ಲದ ಗಾಯಕರು ಪದವನ್ನು ತಮ್ಮ ಲಿಪಿಯಲ್ಲಿ ಬರೆದಿಟ್ಟುಕೊಂಡು ಹಾಡುವುದುಂಟು. ತಮಿಳು ಲಿಪಿಯಲ್ಲಾದರೆ ಕ, ಖ, ಗ, ಘ ನಾಲ್ಕಕ್ಕೂ ರೂಢಿಯಲ್ಲಿರುವುದು ಒಂದೇ ಅಕ್ಷರ. ನಿಮ್ಮ ತಟ್ಟೆಯ ಶಬ್ದಕ್ಕೂ ಪುಸ್ತಕದ ಶಬ್ದಕ್ಕೂ ಇರುವ ವ್ಯತ್ಯಾಸ ‘ಕ’ಗೂ ‘ಗ’ಗೂ ನಡುವಿನದಾದರೆ ಪುಸ್ತಕದ ಕಡೆಗೆ ವಾಲುವುದು ಮೇಲು. ಇಡೀ ಶಬ್ದವೇ ಬೇರೆಯಾಗಿ, ಅದಕ್ಕೂ ಅರ್ಥವಿದ್ದರೆ, ಅದು ಗಾಯಕರ ಗುರುಪರಂಪರೆಯ ಪಾಠವಾಗಿರುವ ಸಂಭವವಿದೆ. ನಾನಾದರೆ ಹಾಡಿದ ಶಬ್ದವನ್ನೇ ಸಾಲಿನಲ್ಲಿ ಬರೆದು, ಪುಸ್ತಕದ್ದನ್ನು ಪಕ್ಕಕ್ಕೆ ಪಾಠಾಂತರವಾಗಿ ಇಟ್ಟು, ತಟ್ಟೆಯ ಒಳ ಅಂಚಿನಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನು (ಆಯಾ ಧ್ವನಿಮುದ್ರಣದ ಗುರುತಿನ ಸಂಖ್ಯೆ) ನಮೂದಿಸುತ್ತೇನೆ. ಒಂದೇ ಹಾಡನ್ನು ಅದೇ ಗಾಯಕರು ಮತ್ತೊಮ್ಮೆ ಮುದ್ರಿಸಿದ್ದರೆ ಎರಡನ್ನೂ ಬೇರ್ಪಡಿಸಿ ಗುರುತಿಸಲು ಅದು ಬೇಕಾಗುತ್ತದೆ.

ಪ್ರಶ್ನೆಯಲ್ಲಿ ನೀವು ಆ ಸಾಲನ್ನು ಕೊಟ್ಟಿಲ್ಲ. ಅದರೊಂದಿಗೆ ಅದೇ ಚರಣದ ಉಳಿದ ಸಾಲುಗಳನ್ನೂ ಬರೆದು ತಿಳಿಸಿದರೆ, ಸಂಶಯವಿರುವುದು ಮೊದಲ ಶಬ್ದದಲ್ಲೇ ಆದ ಪಕ್ಷದಲ್ಲಿ, ಅದರ ಎರಡನೆಯ ಅಕ್ಷರವನ್ನಾದರೂ ಹೇಳಬಲ್ಲೆ.