ಸ್ವಿಚ್ ಬದಲಿಸಬೇಡಿ, ತಂತಿ ನೋಡಿ

ನಿಮ್ಮ ಮೆಕ್ಯಾನಿಕಲ್ ಕೀಬೋರ್ಡ್‌ನಲ್ಲಿ ಸ್ಪೇಸ್‌ಬಾರ್‌ನ ಎಡತುದಿ ಒತ್ತಿದಾಗ ಮಾತ್ರ ಕಟಕಟ ಸದ್ದು, ಸ್ವಿಚ್ (ಕೀ ಕೆಳಗೆ ಒತ್ತಿದ್ದನ್ನು ಗುರುತಿಸೋ ಬಿಡಿಭಾಗ) ಬದಲಿಸಿದರೂ ಹೋಗಿಲ್ಲ ಅಂದಿದ್ದೀರಿ. ಸ್ವಿಚ್‌ಗೆ ಇನ್ನು ದುಡ್ಡು ಹಾಕಬೇಡಿ ಸರ್. ಅಷ್ಟುದ್ದದ ಕೀಗೆ ನಡುವೆ ಇರೋದು ಒಂದೇ ಸ್ವಿಚ್. ಎರಡೂ ತುದಿಗಳ ಹತ್ತಿರ ಇರೋ ಪ್ಲಾಸ್ಟಿಕ್ ಕಾಲುಗಳಲ್ಲಿ ಸ್ಪ್ರಿಂಗೂ ಇಲ್ಲ, ಕರೆಂಟೂ ಇಲ್ಲ. ಅವನ್ನು ಒಂದು ಉಕ್ಕಿನ ತಂತಿ ಜೋಡಿಸಿರುತ್ತೆ. ಎಡಗಾಲು ಇಳಿದರೆ ತಂತಿ ತಿರುಗಿ ಬಲಗಾಲನ್ನೂ ಅಷ್ಟೇ ಕೆಳಗೆಳೆಯುತ್ತೆ, ಬಾರ್ ವಾಲೋದಿಲ್ಲ.

ತಂತಿಯ ಮಡಚಿದ ತುದಿ ಕಾಲಿನ ತೂತಲ್ಲಿ ತುಸು ಸಡಿಲವಾಗೇ ಕೂರಬೇಕು, ಬಿಗಿಯಾದರೆ ಕೀ ಮೇಲೇಳೋದೇ ಕಷ್ಟ. ಆ ಸಡಿಲದಲ್ಲಿ ಉಕ್ಕು ಪ್ಲಾಸ್ಟಿಕ್‌ಗೆ ಬಡಿಯೋದೇ ನಿಮಗೆ ಕೇಳಿಸ್ತಿರೋದು.

ಕೀಕ್ಯಾಪ್ (ಬೆರಳು ಒತ್ತೋ ಮೇಲಿನ ಪ್ಲಾಸ್ಟಿಕ್ ಮುಚ್ಚಳ) ನೇರವಾಗಿ ಮೇಲಕ್ಕೆತ್ತಿ, ತಂತಿ ಬಿಚ್ಚಿ ಗಾಜಿನ ಮೇಲಿಡಿ. (ಆ ಕಾಲುಗಳ ಜೋಡಣೆ ಸ್ಕ್ರೂ ಹಾಕೋ ಮಾದರಿಯಾದರೆ ಪಿಸಿಬಿ, ಅಂದರೆ ಒಳಗಿನ ಸರ್ಕ್ಯೂಟ್ ಬೋರ್ಡ್, ಹೊರತೆಗೆಯಬೇಕಾಗುತ್ತೆ.) ಒಂದು ತುದಿ ಮೇಲೆದ್ದಿದ್ದರೆ ಕೈಯಲ್ಲೇ ಮೆಲ್ಲಗೆ ಬಗ್ಗಿಸಿ, ಪೂರ್ತಿ ಸಮವಾಗಿ ಕೂರೋ ತನಕ. ಇದನ್ನು ಬಿಟ್ಟು ಬರೀ ಗ್ರೀಸ್ ಮೆತ್ತಿದರೆ ಸದ್ದು ಮತ್ತೆ ಬರುತ್ತೆ. ಆಮೇಲೆ ತಂತಿಯ ಎರಡೂ ತುದಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ ದಪ್ಪ ಗ್ರೀಸ್) ಹಚ್ಚಿ, ಸ್ವಿಚ್‌ಗೆ ತಾಗಿಸಬೇಡಿ. ಡಬ್ಲ್ಯೂಡಿ-40 ಸ್ಪ್ರೇ ಎಣ್ಣೆ ಬೇಡವೇ ಬೇಡ, ತೆಳುವಾಗಿರೋದರಿಂದ ಅಲ್ಲಿ ನಿಲ್ಲಲ್ಲ. ತಂತಿಯ ಫೋಟೋ ಹಾಕಿ, ಎಲ್ಲಿ ಬಗ್ಗಿಸಬೇಕು ಅಂತ ಹೇಳ್ತೀನಿ.